ಹೊರದೇಶದ ದೇಣಿಗೆ ಕೇಳುವ ಮುನ್ನ

ಹನಿ ಹನಿ ಕೂಡಿದರೆ ಹಳ್ಳ. ಇಂಟರ್‌ನೆಟ್ ಮೂಲಕ ನೂರಾರು ಜನರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವುದಕ್ಕೆ ಈಗ ಕ್ರೌಡ್‌ಫಂಡಿಂಗ್ ಎನ್ನುತ್ತಾರೆ. ಸ್ವಸಹಾಯ ಸಂಘಗಳ ಸಭೆಗಳಲ್ಲೂ ಈ ಮಾತು ಬರುತ್ತದೆ: "ನಮ್ಮ ಅಕ್ಕನ ಮಗ ಫಾರಿನ್‌ನಲ್ಲಿ ಇದ್ದಾನೆ, ಅವನಿಗೆ ಹೇಳಿದ್ರೆ ಅಲ್ಲೇ ದುಡ್ಡು ಎತ್ತಿ ಕಳಿಸ್ತಾನೆ." ಕೇಳುವುದಕ್ಕೆ ಸುಲಭ. ಆದರೆ ಈ ದಾರಿಯಲ್ಲಿ ಎರಡು ತಡೆಗಳಿವೆ. ಒಂದನ್ನು ದಾಟಿದವರು ಎರಡನೆಯದನ್ನು ಮರೆತು ಸಿಕ್ಕಿಬೀಳುತ್ತಾರೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸ್ತ್ರೀಶಕ್ತಿ ಸಂಘಕ್ಕೆ ಬಟ್ಟೆ ಚೀಲ ಹೊಲಿಯುವ ಘಟಕ ಆರಂಭಿಸಲು ನಾಲ್ಕು ಲಕ್ಷ ರೂಪಾಯಿ ಬೇಕಾಗಿದೆ.

ಮೊದಲ ತಡೆ: ನೀವು ಯಾವ ದೇಶದವರು?

ಅಮೆರಿಕದ ಕಿಕ್‌ಸ್ಟಾರ್ಟರ್ 2009ರಲ್ಲಿ ಆರಂಭವಾಯಿತು. ಮೊದಲು ಅಮೆರಿಕದವರು ಮಾತ್ರ ಅದರಲ್ಲಿ ಯೋಜನೆ ಹಾಕಬಹುದಿತ್ತು. 2012ರಲ್ಲಿ ಬ್ರಿಟನ್ನಿಗೂ ಅವಕಾಶ ಸಿಕ್ಕಿತು, ಆಮೇಲೆ ಇನ್ನೂ ಹಲವು ದೇಶಗಳು ಸೇರಿದವು. ಭಾರತ ಆ ಪಟ್ಟಿಯಲ್ಲಿಲ್ಲ. ಗೋಫಂಡ್‌ಮಿಯಲ್ಲಿಯೂ ಭಾರತದ ವಿಳಾಸ, ಭಾರತದ ಬ್ಯಾಂಕ್ ಖಾತೆ ನಡೆಯುವುದಿಲ್ಲ. ಹಣ ಕೊಡುವವರು ಎಲ್ಲಿದ್ದರೂ ಸರಿ, ಕೇಳುವವರು ಮಾತ್ರ ಪಟ್ಟಿಯಲ್ಲಿರುವ ದೇಶದಲ್ಲಿ ವಾಸವಿರಬೇಕು. ಸುಳ್ಳು ವಿಳಾಸ ಕೊಟ್ಟರೆ ಗುರುತಿನ ತಪಾಸಣೆಯಲ್ಲಿ ಸಿಕ್ಕಿಬಿದ್ದು ಹಣ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು: ಕಿಕ್‌ಸ್ಟಾರ್ಟರ್‌ನಲ್ಲಿ ದಾನಕ್ಕಾಗಿ ಹಣ ಕೇಳುವಂತೆಯೇ ಇಲ್ಲ.

ಹಾಗಾದರೆ ದುಬೈಯಲ್ಲಿರುವ ತಮ್ಮ ವಾಟ್ಸಾಪ್‌ನಲ್ಲಿ ಎಲ್ಲರನ್ನೂ ಕೇಳಲಿ ಅಂತೀರಾ? ಬೇಡ. ಯುಎಇಯಲ್ಲಿ ಪರವಾನಗಿ ಇಲ್ಲದೆ ಸಾರ್ವಜನಿಕರಿಂದ ದೇಣಿಗೆ ಎತ್ತುವುದು ಅಪರಾಧ. 2021ರಲ್ಲಿ ಇದಕ್ಕಾಗಿ ಅಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ. ನಮಗೆ ಉಪಕಾರ ಮಾಡಲು ಹೋಗಿ ಆತ ಕೆಲಸ ಕಳೆದುಕೊಳ್ಳಬಾರದು.

ಎರಡನೇ ತಡೆ: ಹಣ ಯಾರದ್ದು?

ಲಂಡನ್‌ನಲ್ಲಿ ಕಾಯಂ ನೆಲೆಸಿರುವ ಅಕ್ಕನ ಮಗ ತನ್ನ ಹೆಸರಿನಲ್ಲೇ ಗೋಫಂಡ್‌ಮಿಯಲ್ಲಿ ಹಣ ಕೂಡಿಸಿದ ಎನ್ನಿ. ಮೊದಲ ತಡೆ ದಾಟಿದಂತಾಯಿತು. ಆದರೆ ಆ ಹಣ ಸಂಘದ ಖಾತೆಗೆ ಬಂದ ಕೂಡಲೇ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅನ್ವಯಿಸುತ್ತದೆ. ಕೇಂದ್ರ ಗೃಹ ಸಚಿವಾಲಯದ ಅನುಮತಿ ಇಲ್ಲದೆ ಅದನ್ನು ಪಡೆದರೆ ದಂಡ, ಜೈಲು ಎರಡಕ್ಕೂ ಅವಕಾಶವಿದೆ. "ಕಳಿಸಿದ್ದು ನಮ್ಮ ಹುಡುಗನೇ ಅಲ್ವಾ?" ಎಂದರೆ ನಡೆಯುವುದಿಲ್ಲ. ಕಳಿಸಿದ್ದು ಅವನಾದರೂ ಕೊಟ್ಟವರು ವಿದೇಶಿಯರು.

ಇಲ್ಲಿ ನೋಡಬೇಕಾದದ್ದು ವಾಸಸ್ಥಳವನ್ನಲ್ಲ, ಪಾಸ್‌ಪೋರ್ಟನ್ನು. ಭಾರತದ ಪಾಸ್‌ಪೋರ್ಟ್ ಇರುವವರು ಎಷ್ಟು ವರ್ಷ ಹೊರಗಿದ್ದರೂ ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಓಸಿಐ ಕಾರ್ಡ್ ಇದ್ದರೂ, ಊರಿಗೆ ಬಂದಾಗ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ.

ಹಾಗಾದರೆ ದಾರಿ ಏನು?

1. ಭಾರತದ ಪೌರರಿಂದ ಮಾತ್ರ ಪಡೆಯುವುದು. ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಹೆಚ್ಚಿನವರು ಇನ್ನೂ ಭಾರತದ ಪೌರರು. ಅವರವರ ಸ್ವಂತ ಖಾತೆಯಿಂದ ಪ್ರತ್ಯೇಕವಾಗಿ ನೇರ ಸಂಘದ ಖಾತೆಗೆ ಕಳಿಸಲಿ. ಪಾಸ್‌ಪೋರ್ಟ್ ಪ್ರತಿ ತೆಗೆದುಕೊಳ್ಳಿ, ರಶೀದಿ ಕೊಡಿ. ಒಬ್ಬರ ಬಳಿ ಎಲ್ಲರ ಹಣ ಕೂಡಿಸಿ ಕಳಿಸುವುದು ಬೇಡ. ಸಣ್ಣ ಸಂಘಗಳಿಗೆ ಇದೇ ಹತ್ತಿರದ ದಾರಿ.

2. ಪೂರ್ವಾನುಮತಿ. ನಿಗದಿತ ದಾನಿಯಿಂದ, ನಿಗದಿತ ಮೊತ್ತ, ನಿಗದಿತ ಕೆಲಸಕ್ಕೆ ಪಡೆಯಲು ಗೃಹ ಸಚಿವಾಲಯಕ್ಕೆ ಆನ್‌ಲೈನ್ ಅರ್ಜಿ ಹಾಕಬಹುದು. ಮೊದಲು ಸಂಘ ಕಾನೂನುಬದ್ಧವಾಗಿ ನೋಂದಣಿಯಾಗಿರಬೇಕು. ದಾನಿಯ ಒಪ್ಪಿಗೆ ಪತ್ರ ಬೇಕು. ನೂರು ಜನ ದಾನಿಗಳಿಂದ ನೂರು ಪತ್ರ ತರುವುದು ಆಗುವ ಕೆಲಸವಲ್ಲ. ಅಲ್ಲಿನ ಒಂದು ನೋಂದಾಯಿತ ಸಂಸ್ಥೆ ಹಣ ಕೂಡಿಸಿ ತಾನೇ ದಾನಿಯಾದರೆ ಒಂದೇ ಪತ್ರ ಸಾಕು. ಎರಡೂ ಕಡೆಯ ಮುಖ್ಯಸ್ಥ ಒಬ್ಬರೇ ಆಗಿರಬಾರದು.

3. ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಯ ಮೂಲಕ. "ನಿಮ್ಮ ಖಾತೆಗೆ ಹಾಕಿಸ್ತೇವೆ, ನಮಗೆ ಕೊಡಿ" ಎಂದು ಈಗಲೂ ಕೇಳುವವರಿದ್ದಾರೆ. 2020ರ ಸೆಪ್ಟೆಂಬರ್ ತಿದ್ದುಪಡಿಯ ನಂತರ ಹೀಗೆ ದಾಟಿಸುವುದು ನಿಷಿದ್ಧ. ಆದರೆ ಆ ಸಂಸ್ಥೆ ಈ ಕೆಲಸವನ್ನು ತನ್ನದೇ ಯೋಜನೆಯಾಗಿ ಕೈಗೊಂಡು, ಯಂತ್ರ ತಾನೇ ಖರೀದಿಸಿ, ತರಬೇತಿ ತಾನೇ ನಡೆಸಿ, ಲೆಕ್ಕ ತಾನೇ ಒಪ್ಪಿಸಬಹುದು. ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಅದರ ಎಫ್‌ಸಿಆರ್‌ಎ ಖಾತೆಗೇ.

4. ದಾನದ ಬದಲು ವ್ಯಾಪಾರ. ವ್ಯಾಪಾರದ ಕ್ರಮದಲ್ಲಿ ಮಾರಿದ ಚೀಲಕ್ಕೆ ಬಿಲ್ ಪ್ರಕಾರ ಬಂದ ನ್ಯಾಯವಾದ ಬೆಲೆ ದೇಣಿಗೆಯಲ್ಲ. ಆದರೆ ಚೀಲ ನಿಜವಾಗಿ ಹೋಗಬೇಕು. ರಫ್ತಿಗೆ ಐಇಸಿ ಸಂಖ್ಯೆ ಮಾಡಿಸಬೇಕು.

ಮಿಲಾಪ್, ಕೆಟ್ಟೊದಂತಹ ಭಾರತದ ತಾಣಗಳೂ ಇವೆ. ಅಲ್ಲಿ ವಾಸದ ತಡೆ ಇಲ್ಲ. ಆದರೆ ವಿದೇಶಿಯರು ಕೊಟ್ಟದ್ದಕ್ಕೆ ಅಲ್ಲೂ ಇದೇ ಕಾಯ್ದೆ.

ನೆನಪಿಡಿ: ಹಣ ಬಂದ ಮೇಲೆ ಕಾಗದ ಹುಡುಕುವುದಲ್ಲ, ಕಾಗದ ಸರಿಮಾಡಿಕೊಂಡು ಹಣ ಕೇಳುವುದು. ಮುಂದಿನ ಸಭೆಯಲ್ಲಿ ದಾನಿಗಳ ಪಟ್ಟಿ ಬರೆಯುವಾಗ ಪ್ರತಿ ಹೆಸರಿನ ಎದುರು ಒಂದು ಪ್ರಶ್ನೆ ಹಾಕಿಕೊಳ್ಳಿ: ಇವರ ಪಾಸ್‌ಪೋರ್ಟ್ ಯಾವ ದೇಶದ್ದು? ಉತ್ತರ ಗೊತ್ತಾಗುವ ತನಕ ಖಾತೆ ಸಂಖ್ಯೆ ಯಾರಿಗೂ ಕಳಿಸಬೇಡಿ. ಸಂಶಯ ಬಂದರೆ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ನಾಲ್ಕು ಲಕ್ಷ ಸ್ವಲ್ಪ ತಡವಾಗಿ ಬಂದರೆ ತೊಂದರೆಯಿಲ್ಲ. ಹತ್ತು ವರ್ಷ ಉಳಿತಾಯ ಮಾಡಿ ಕಟ್ಟಿದ ಸಂಘದ ಖಾತೆಗೆ ಬೀಗ ಬಿದ್ದರೆ ಮತ್ತೆ ತೆರೆಸುವುದು ಕಷ್ಟ.