‘ಇದು ಕ್ರಿಕೆಟ್ ಅಲ್ಲ!’

ಅನ್ಯಾಯ ಕಂಡಾಗ ‘ಇದು ಕ್ರಿಕೆಟ್ ಅಲ್ಲ’ ಎನ್ನುವುದು ಇಂಗ್ಲಿಷರ ನುಡಿಗಟ್ಟು. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಆಡಿ ಬೆಳೆದ ನಮಗೆ ಅಷ್ಟು ಸುತ್ತುಬಳಸು ಬೇಕಿರಲಿಲ್ಲ. ‘ಕಳ್ಳಾಟ ಆಡಬ್ಯಾಡಲೇ’ ಎಂದರೆ ಮುಗಿಯಿತು. ಚೆಂಡು ಬ್ಯಾಟನ್ನು ಸವರಿದ್ದು ಗೊತ್ತಿದ್ದೂ ಕದಲದೆ ನಿಂತ ಒಂದು ಸಂಜೆ ನಾನೂ ಆ ಮಾತು ಕೇಳಿಸಿಕೊಂಡಿದ್ದೇನೆ.

ಈ ನುಡಿಗಟ್ಟನ್ನು ಬುಡಮೇಲು ಮಾಡಿದವರು ಇಂಗ್ಲಿಷ್ ಲೇಖಕ ಡಗ್ಲಸ್ ಆ್ಯಡಮ್ಸ್. 1982ರಲ್ಲಿ ಬಂದ ಅವರ ವೈಜ್ಞಾನಿಕ ಕಾದಂಬರಿ ‘ಲೈಫ್, ದಿ ಯೂನಿವರ್ಸ್ ಆ್ಯಂಡ್ ಎವೆರಿಥಿಂಗ್’ನಲ್ಲಿ ಕ್ರಿಕಿಟ್ ಎಂಬ ಗ್ರಹವಿದೆ. ಅಲ್ಲಿಯವರು ಸಂಭಾವಿತರು, ಹಾಡುಪ್ರಿಯರು. ಧೂಳಿನ ಮೋಡದಾಚೆ ಬೇರೆ ಲೋಕಗಳಿವೆಯೆಂದು ತಿಳಿದದ್ದೇ ತಡ, ಅವನ್ನೆಲ್ಲ ಅಳಿಸಿಹಾಕಲು ಹೊರಡುತ್ತಾರೆ. ಅವರ ಬಿಳಿಯ ಯಂತ್ರಮಾನವರ ಕೈಯಲ್ಲಿ ಬ್ಯಾಟಿನಂಥ ಆಯುಧ, ಕೆಂಪು ಚೆಂಡಿನಂಥ ಸಿಡಿಗುಂಡು! ಭೂಮಿಯ ಕ್ರಿಕೆಟ್ ಆ ಯುದ್ಧದ ಮಸುಕು ನೆನಪಂತೆ. ಅದನ್ನು ಆಟವಾಗಿಸಿಕೊಂಡದ್ದೇ ಉಳಿದ ಲೋಕಗಳಿಗೆ ಅಸಹ್ಯ. ಅವರ ಆಳ್ವಿಕೆ ಕಂಡ ನಾಡಿನವನಾದ ನನಗೆ ಈ ಗೇಲಿ ಹಿತವೇ ಎನಿಸಿತು.

ಆದರೂ ಮನಸಾರೆ ನಗಲಾಗದು. 1980ರ ಮುಂಬಯಿ ಟೆಸ್ಟ್‌ನಲ್ಲಿ ನಾಯಕರಾಗಿದ್ದವರು ಭದ್ರಾವತಿಯ ಜಿ.ಆರ್. ವಿಶ್ವನಾಥ್. ಅಂಪೈರ್ ಔಟ್ ಕೊಟ್ಟ ಬಾಬ್ ಟೇಲರ್ ಅವರನ್ನು ಮರಳಿ ಕರೆದರು. ಟೇಲರ್, ಬಾಥಮ್ ಜೊತೆಯಾಟ 171ಕ್ಕೆ ಬೆಳೆಯಿತು. ಭಾರತ 10 ವಿಕೆಟ್‌ಗಳಿಂದ ಸೋತಿತು. ಮರುವರ್ಷವೇ ಮೆಲ್ಬರ್ನ್‌ನಲ್ಲಿ, ನ್ಯೂಜಿಲೆಂಡಿಗೆ ಪಂದ್ಯ ಸಮ ಮಾಡಿಕೊಳ್ಳಲು ಕೊನೆಯ ಚೆಂಡಿನಲ್ಲಿ 6 ರನ್ ಬೇಕಿದ್ದಾಗ, ಗ್ರೆಗ್ ಚಾಪೆಲ್ ತಮ್ಮನಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿ ಗೆದ್ದರು. ಆಗಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ.

ಆ ಸಂಜೆ ನಾನೆಷ್ಟು ರನ್ ಹೊಡೆದೆನೋ ಮರೆತಿದೆ. ವಿಕೆಟ್ ಹಿಂದಿದ್ದ ಗೆಳೆಯ ಮಾತ್ರ ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.