ಹಳೆಯ ಪೆಟ್ಟಿಗೆಯ ಯುದ್ಧ ಪದಕ: ಗುರುತಿಸುವುದು ಹೇಗೆ?

ಕಾಕತಿ ಎಂದೊಡನೆ ನೆನಪಾಗುವುದು ಕಿತ್ತೂರು ರಾಣಿ ಚೆನ್ನಮ್ಮ. 1778ರಲ್ಲಿ ಆಕೆ ಹುಟ್ಟಿದ ಊರು ಇದು. ಇಲ್ಲಿಂದ ಕೆಲವೇ ಕಿಲೋಮೀಟರು ದಕ್ಷಿಣಕ್ಕೆ ಬೆಳಗಾವಿಯ ದಂಡು ಪ್ರದೇಶವಿದೆ. 1922ರಿಂದ ಅದು ಮರಾಠಾ ಲಘು ಪದಾತಿದಳದ ಕೇಂದ್ರ. 1768ರಲ್ಲಿ ಮುಂಬಯಿಯಲ್ಲಿ ಆರಂಭವಾದ ಈ ದಳಕ್ಕೆ ಕಾಕತಿಯಿಂದ ಖಾನಾಪುರದವರೆಗಿನ ಹಳ್ಳಿಗಳ ಎಷ್ಟೋ ಮನೆಗಳವರು ಸೇರಿದ್ದಾರೆ. ಅಂಥ ಮನೆಗಳ ಕಬ್ಬಿಣದ ಪೆಟ್ಟಿಗೆಗಳಲ್ಲಿ ಅಜ್ಜ, ಮುತ್ತಜ್ಜರ ಪದಕ, ಬಿಲ್ಲೆ, ಹಿತ್ತಾಳೆಯ ಗುಂಡಿ, ಖಾಕಿ ಅಂಗಿ ಇಂದಿಗೂ ಸಿಗುವುದುಂಟು.

ಇವುಗಳ ಗತಿ ಸಾಮಾನ್ಯವಾಗಿ ಮೂರು ಬಗೆ. ಹಬ್ಬಕ್ಕೆ ಮುನ್ನ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಲಾಗುತ್ತದೆ. ಬೆಳ್ಳಿಯದಾದರೆ ಅಕ್ಕಸಾಲಿಗನ ಮೂಸೆಗೆ ಹೋಗುತ್ತದೆ. ಇಲ್ಲವೇ ಹಳೆಯ ಸಾಮಾನಿನ ವ್ಯಾಪಾರಿಯ ಕೈಸೇರುತ್ತದೆ. ಮೂರರಲ್ಲೂ ನಷ್ಟವಾಗುವುದು ಒಂದೇ: ಪದಕದ ಅಂಚಿನಲ್ಲಿರುವ ಹೆಸರು.

ಆ ಹೆಸರಿಗೆ ಏಕಿಷ್ಟು ಬೆಲೆ? ಒಂದನೆಯ ಮಹಾಯುದ್ಧದಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಇಂದಿನ ಇರಾಕಿನ ಕುತ್ ಎಂಬಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆಗೆ ಒಳಗಾಗಿದ್ದವು. ಆ ರಣರಂಗದಲ್ಲಿ ಸತ್ತು, ಸಮಾಧಿಯ ಜಾಗವೂ ಗೊತ್ತಿಲ್ಲದ 40,000ಕ್ಕೂ ಹೆಚ್ಚು ಮಂದಿಗಾಗಿ ಬಸ್ರಾದಲ್ಲಿ ಸ್ಮಾರಕ ಕಟ್ಟಲಾಯಿತು. ಅದರ ಗೋಡೆಗಳ ಮೇಲೆ ಬ್ರಿಟಿಷ್ ಸೈನಿಕರ ಮತ್ತು ಭಾರತೀಯ ಅಧಿಕಾರಿಗಳ ಹೆಸರುಗಳಿವೆ. ಭಾರತೀಯ ಸಿಪಾಯಿಗಳದು ಪಲ್ಟನ್‌ವಾರು ಸಂಖ್ಯೆ ಮಾತ್ರ. ಸಿಪಾಯಿಗಳ ಹೆಸರುಗಳು ಸ್ಮಾರಕ ಆಯೋಗದ ದಾಖಲೆ ಪುಸ್ತಕಗಳಲ್ಲಿ ಉಳಿದವು. ಈ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಆದರೆ ಪದಕಗಳಲ್ಲಿ ಈ ಭೇದವಿರಲಿಲ್ಲ. ಸಿಪಾಯಿಯ ಪದಕದ ಮೇಲೂ ಅವನ ಸಂಖ್ಯೆ, ಹುದ್ದೆ, ಹೆಸರು, ಪಲ್ಟನ್ನುಗಳನ್ನು ಒತ್ತಲಾಯಿತು. ಬದುಕಿ ಮರಳಿದವರ ವಿಷಯದಲ್ಲಂತೂ ಮನೆಯವರ ಕೈಯಲ್ಲಿರುವ ಲಿಖಿತ ಆಧಾರ ಎಷ್ಟೋ ಸಲ ಅದೊಂದೇ.

ಹಾಗಾದರೆ ಕೈಯಲ್ಲಿರುವ ಪದಕ ಯಾವುದು, ಅಸಲಿಯೇ ನಕಲಿಯೇ ಎಂದು ತಿಳಿಯುವುದು ಹೇಗೆ? ಪ್ರೌಢಶಾಲೆಯ ಪ್ರಯೋಗಾಲಯದ ಸಾಮಗ್ರಿಯೇ ಇದಕ್ಕೆ ಬಹುಮಟ್ಟಿಗೆ ಸಾಕು.

ಮೊದಲು ಕಣ್ಣಿನ ಪರೀಕ್ಷೆ

ನಮ್ಮ ಭಾಗದಲ್ಲಿ ಸಿಗಬಹುದಾದ ಮುಖ್ಯ ಪದಕಗಳ ಲಕ್ಷಣಗಳು ಇವು:

1. ಬ್ರಿಟಿಷ್ ಯುದ್ಧ ಪದಕ, 1914-20: ಬೆಳ್ಳಿಯ ಬಿಲ್ಲೆ, ವ್ಯಾಸ 36 ಮಿಮೀ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ, ಇನ್ನೊಂದರಲ್ಲಿ ಕುದುರೆಯೇರಿದ ಬತ್ತಲೆ ಸವಾರ. ಸುಮಾರು 65 ಲಕ್ಷ ಬೆಳ್ಳಿಯ ಪದಕಗಳನ್ನು ಹಂಚಲಾಯಿತು. ಕೂಲಿ ದಳದವರಿಗೆ ಕೊಟ್ಟ ಕಂಚಿನವು ಸುಮಾರು 1,10,000 ಮಾತ್ರ. ಆದ್ದರಿಂದ ಕಂಚಿನದೇ ಹೆಚ್ಚು ಅಪರೂಪ.

2. ವಿಜಯ ಪದಕ: ಕಂಚು, 36 ಮಿಮೀ, ರೆಕ್ಕೆಯುಳ್ಳ ವಿಜಯದೇವತೆ, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನು.

3. ಎರಡನೆಯ ಮಹಾಯುದ್ಧದ ನಕ್ಷತ್ರಗಳು: ತಾಮ್ರ-ಸತುವಿನ ಹಳದಿ ಮಿಶ್ರಲೋಹ, ಆರು ಮೂಲೆ. ರೂಪ ಒಂದೇ ಆದರೂ ನಡುವಿನ ಬರಹ ಮತ್ತು ರಿಬ್ಬನ್ನು ಬೇರೆ ಬೇರೆ. ಆಫ್ರಿಕಾ ನಕ್ಷತ್ರದ್ದು ಮರಳು ಬಣ್ಣ. ಇಟಲಿಯದು ಕೆಂಪು, ಬಿಳಿ, ಹಸಿರು. ಬರ್ಮಾದ್ದು ಗಾಢ ನೀಲಿ, ಕಿತ್ತಳೆ, ನಡುವೆ ಅಗಲವಾದ ಕೆಂಪು ಪಟ್ಟೆ.

4. ಯುದ್ಧ ಪದಕ 1939-45 ಮತ್ತು ಭಾರತ ಸೇವಾ ಪದಕ: ಎರಡೂ ತಾಮ್ರ-ನಿಕ್ಕಲ್ ಮಿಶ್ರಲೋಹದವು. ಮೊದಲನೆಯದರಲ್ಲಿ ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ, ಎರಡನೆಯದರಲ್ಲಿ ಭಾರತದ ನಕ್ಷೆ.

5. ಸ್ವತಂತ್ರ ಭಾರತದ ಪದಕಗಳು: 1965ರ ಸಮರ ಸೇವಾ ನಕ್ಷತ್ರ, 1971ರ ಪೂರ್ವೀ ಮತ್ತು ಪಶ್ಚಿಮೀ ನಕ್ಷತ್ರಗಳು ಇತ್ಯಾದಿ.

ರಿಬ್ಬನ್ನೊಂದನ್ನೇ ನಂಬುವಂತಿಲ್ಲ. ಹರಿದ ರಿಬ್ಬನ್ನು ಬದಲಿಸುವುದು ಸಾಮಾನ್ಯ ರೂಢಿ. ಹೊಸ ರಿಬ್ಬನ್ನಿನಲ್ಲಿ ಹಳೆಯ ಪದಕವಿರಬಹುದು. ಹಳೆಯ ರಿಬ್ಬನ್ನಿನಲ್ಲಿ ನಕಲಿ ಪದಕವೂ ಇರಬಹುದು.

ಆರ್ಕಿಮಿಡೀಸನ ನೆರವು

ಬೆಳ್ಳಿ ಮತ್ತು ತಾಮ್ರ-ನಿಕ್ಕಲ್ ಎರಡೂ ಬಿಳಿಯಾಗಿಯೇ ಕಾಣುತ್ತವೆ. ಇವನ್ನು ಬೇರ್ಪಡಿಸಲು ಕೆರೆದು ನೋಡುವ ಅಗತ್ಯವಿಲ್ಲ, ಸಾಂದ್ರತೆ ಸಾಕು. ಆಭರಣದ ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.4 ಗ್ರಾಂ, ತಾಮ್ರ-ನಿಕ್ಕಲ್‌ನದು 8.9, ಕಂಚಿನದು ಸುಮಾರು 8.8, ಹಿತ್ತಾಳೆಯದು 8.5. ಅಗ್ಗದ ನಕಲುಗಳಿಗೆ ಬಳಸುವ ಸತುವಿನ ಎರಕದ್ದು 7ರ ಆಸುಪಾಸು.

ವಿಧಾನ ಹೀಗೆ. ಮೊದಲು ರಿಬ್ಬನ್ನು ತೆಗೆಯಿರಿ. ಅದು ನೀರು ಹೀರುತ್ತದೆ, ಬಣ್ಣವೂ ಬಿಡಬಹುದು. ಪದಕವನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಅನಂತರ ಆಸವಿತ ನೀರಿರುವ ಲೋಟವನ್ನು ತಕ್ಕಡಿಯ ಮೇಲಿಟ್ಟು ಓದಿಕೆಯನ್ನು ಸೊನ್ನೆ ಮಾಡಿ. ಪದಕವನ್ನು ಸಣ್ಣ ದಾರದಲ್ಲಿ ಕಟ್ಟಿ, ತಳಕ್ಕಾಗಲೀ ಗೋಡೆಗಾಗಲೀ ತಾಗದಂತೆ ಪೂರ್ತಿ ಮುಳುಗಿಸಿ. ಗಾಳಿಗುಳ್ಳೆ ಅಂಟಿದ್ದರೆ ಕೊಡವಿ. ನೀರು ಪದಕವನ್ನು ಮೇಲಕ್ಕೆ ಎಷ್ಟು ಒತ್ತುತ್ತದೋ ಅಷ್ಟೇ ಬಲದಿಂದ ಪದಕವೂ ನೀರನ್ನು ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ತಕ್ಕಡಿ ಈಗ ತೋರಿಸುವುದು ಪದಕ ಸ್ಥಳಾಂತರಿಸಿದ ನೀರಿನ ತೂಕವನ್ನು. ಪದಕದ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ.

ಉದಾಹರಣೆಗೆ, ಒಂದು ಪದಕ 31.2 ಗ್ರಾಂ ತೂಗಿ, ಮುಳುಗಿಸಿದಾಗ ಓದಿಕೆ 3.0 ಗ್ರಾಂ ಬಂದರೆ ಸಾಂದ್ರತೆ 10.4. ಅಷ್ಟೇ ತೂಕದ ತಾಮ್ರ-ನಿಕ್ಕಲ್ ಪದಕವಾಗಿದ್ದರೆ ಓದಿಕೆ 3.5 ಗ್ರಾಂ ಬರಬೇಕಿತ್ತು. ತಕ್ಕಡಿಯ ಓದಿಕೆಯಲ್ಲಿ 0.1 ಗ್ರಾಂನಷ್ಟು ದೋಷವಿದ್ದರೂ ಉತ್ತರ 10.1ರಿಂದ 10.8ರ ನಡುವೆ ಇರುತ್ತದೆ, 8.9ಕ್ಕೆ ಇಳಿಯದು. ಸಾಧನದ ದೋಷ ಎಷ್ಟು, ನಾವು ತಿಳಿಯಬೇಕಾದ ವ್ಯತ್ಯಾಸ ಎಷ್ಟು ಎಂದು ಹೋಲಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಇದು ಒಳ್ಳೆಯ ಸಂದರ್ಭ.

ಇಲ್ಲೊಂದು ತರ್ಕವನ್ನು ಗಮನಿಸಬೇಕು. ಸಾಂದ್ರತೆ ಹೊಂದದಿದ್ದರೆ ಅದು ಬೆಳ್ಳಿಯಲ್ಲ ಎಂದು ಹೇಳಬಹುದು. ಹೊಂದಿದರೆ ಬೆಳ್ಳಿ ಇರಬಹುದು ಎಂದಷ್ಟೇ ಹೇಳಬೇಕು. ಬೆಳ್ಳಿಯೇ ಆದರೂ ಅದರ ಮೇಲಿನ ಹೆಸರು ಸಾಚಾ ಎಂದಾಗದು.

ಅಯಸ್ಕಾಂತವೂ ಉಪಯುಕ್ತ. ಬೆಳ್ಳಿ, ಕಂಚು, ಹಿತ್ತಾಳೆ ಅದಕ್ಕೆ ಅಂಟವು. ನಿಕ್ಕಲ್ ಅಂಟುವ ಲೋಹವಾದರೂ ನಾಲ್ಕರಲ್ಲಿ ಮೂರು ಪಾಲು ತಾಮ್ರ ಬೆರೆತ ಮಿಶ್ರಲೋಹ ಸಾಮಾನ್ಯ ಉಷ್ಣತೆಯಲ್ಲಿ ಅಂಟುವುದಿಲ್ಲ. ಪದಕವಾಗಲೀ ಹಿತ್ತಾಳೆಯದೆಂದು ಹೇಳುವ ಗುಂಡಿಯಾಗಲೀ ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ ಎಂದೇ ಅರ್ಥ.

ಅಂಚು ಹೇಳುವ ಕಥೆ

ಬಿಲ್ಲೆಯಾಕಾರದ ಪದಕದಲ್ಲಿ ಹೆಸರು ಅಂಚಿನ ಮೇಲಿರುತ್ತದೆ, ನಕ್ಷತ್ರದಲ್ಲಿ ಹಿಂಬದಿಯಲ್ಲಿ. ಎರಡನೆಯ ಮಹಾಯುದ್ಧದ ನಕ್ಷತ್ರಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆಯೇ ಕೊಡಲಾಯಿತು. ಭಾರತ, ದಕ್ಷಿಣ ಆಫ್ರಿಕ ಮತ್ತು ಆಸ್ಟ್ರೇಲಿಯದವರ ನಕ್ಷತ್ರಗಳಲ್ಲಿ ಹೆಸರನ್ನು ಒತ್ತಲಾಯಿತು. ಹೀಗಾಗಿ ನಮ್ಮ ಸಿಪಾಯಿಗಳ ನಕ್ಷತ್ರಗಳಿಗೆ ಹೆಚ್ಚಿನ ಚಾರಿತ್ರಿಕ ಬೆಲೆಯಿದೆ.

ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಅಕ್ಷರಗಳನ್ನು ನೋಡಿ. ಅಚ್ಚಿನಿಂದ ಒತ್ತಿದ ಅಕ್ಷರದ ಸುತ್ತ ಲೋಹ ತುಸು ಉಬ್ಬಿರುತ್ತದೆ. ಕೆತ್ತಿದ ಅಕ್ಷರದಲ್ಲಿ ಉಳಿಯ ಗೀರು ಕಾಣುತ್ತದೆ. ಸವೆದ ಅಕ್ಷರಗಳನ್ನು ಓದಲು ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಅಂಚಿಗೆ ಬಹುತೇಕ ಸಮಾಂತರವಾಗಿ ಹಿಡಿಯಿರಿ. ಓರೆಯಾಗಿ ಬೀಳುವ ಬೆಳಕು ಸಣ್ಣ ತಗ್ಗಿಗೂ ಉದ್ದದ ನೆರಳು ಕೊಡುತ್ತದೆ.

ಹೆಚ್ಚು ಬೆಲೆ ಗಿಟ್ಟಿಸಲು ಮೂಲ ಹೆಸರನ್ನು ಅರದಿಂದ ಉಜ್ಜಿ ಬೇರೆ ಹೆಸರು ಒತ್ತುವ ವಂಚನೆಯುಂಟು. ಇಲ್ಲಿ ವರ್ನಿಯರ್ ಕ್ಯಾಲಿಪರ್ ಪತ್ತೇದಾರನಾಗುತ್ತದೆ. ವ್ಯಾಸವನ್ನು ಐದಾರು ದಿಕ್ಕುಗಳಲ್ಲಿ ಅಳೆಯಿರಿ. ಹೆಸರಿರುವ ಭಾಗದಲ್ಲಿ ಮಾತ್ರ ವ್ಯಾಸ ಕಡಿಮೆ ಬಂದರೆ ಅಲ್ಲಿ ಲೋಹ ಹೋಗಿದೆ ಎಂದರ್ಥ.

ಪಲ್ಟನ್ನಿನ ಸಂಖ್ಯೆಯೂ ಕಾಲವನ್ನು ಸೂಚಿಸುತ್ತದೆ. 103, 105, 110, 116, 117 ಮುಂತಾದ ಮರಾಠಾ ಪಲ್ಟನ್ನುಗಳು 1922ರಲ್ಲಿ ಒಟ್ಟುಗೂಡಿ 5ನೆಯ ಮರಾಠಾ ಲಘು ಪದಾತಿದಳವಾದವು. ಒಂದನೆಯ ಯುದ್ಧದ ಪದಕದ ಮೇಲೆ ಹಳೆಯ ಸಂಖ್ಯೆ ಇರುವುದು ಸಹಜ. 5ನೆಯ ದಳದ ಹೆಸರಿದ್ದರೆ ಹೆಚ್ಚಿನ ವಿಚಾರಣೆ ಬೇಕು. ಇದೇ 5ನೆಯ ದಳದ ನಾಯಕ್ ಯಶವಂತ ಘಾಡ್ಗೆ 1944ರಲ್ಲಿ ಮರಣೋತ್ತರವಾಗಿಯೂ, ಸಿಪಾಯಿ ನಾಮದೇವ ಜಾಧವ 1945ರಲ್ಲಿಯೂ ಇಟಲಿಯ ರಣರಂಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದರು.

ಆ ಪದಕದ ಲೋಹವೇ ಒಂದು ಪಾಠ. ಕ್ರಿಮಿಯ ಯುದ್ಧದಲ್ಲಿ ರಷ್ಯನ್ನರಿಂದ ವಶಪಡಿಸಿಕೊಂಡ ತೋಪುಗಳ ಕಂಚಿನಿಂದ ಅದನ್ನು ಮಾಡುತ್ತಾರೆಂಬ ನಂಬಿಕೆ ಬಹುಕಾಲವಿತ್ತು. ಎಕ್ಸ್-ಕಿರಣ ಪ್ರತಿದೀಪ್ತಿ ವಿಧಾನದಲ್ಲಿ ಪದಕಕ್ಕೆ ಹಾನಿಯಾಗದಂತೆ ಅದರಲ್ಲಿರುವ ಧಾತುಗಳನ್ನು ಅಳೆಯಬಹುದು. ಹೀಗೆ ಅಳೆದಾಗ ಎಲ್ಲ ಪದಕಗಳ ಲೋಹವೂ ಒಂದೇ ಮೂಲದ್ದಲ್ಲ ಎಂದು ತಿಳಿಯಿತು.

ಬಟ್ಟೆಯ ಸಾಕ್ಷ್ಯ

ಖಾಕಿ ಎಂಬ ಮಾತು ಪಾರಸಿಯ ‘ಖಾಕ್’, ಅಂದರೆ ಧೂಳು, ಎಂಬುದರಿಂದ ಬಂದಿದೆ. ಸಮವಸ್ತ್ರದ ಕಾಲ ತಿಳಿಯಲು ಹೊಲಿಗೆಯ ದಾರ ನೆರವಾಗುತ್ತದೆ. ಒಳಮಡಿಕೆಯಿಂದ ಒಂದೇ ಎಳೆ ತೆಗೆದು, ಚಿಮಟದಲ್ಲಿ ಹಿಡಿದು ಸುಡಿ. ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಟೆರಿಲೀನ್ ಎಂಬ ಪಾಲಿಯೆಸ್ಟರ್ ಎಳೆಯನ್ನು ಕಂಡುಹಿಡಿದದ್ದು 1941ರಲ್ಲಿ. ಆದ್ದರಿಂದ 1916ರದೆಂದು ಹೇಳುವ ಅಂಗಿಯ ಮೂಲ ಹೊಲಿಗೆಯಲ್ಲಿ ಅದು ಇರಲಾರದು.

ನೋಟು ಪರೀಕ್ಷಿಸುವ ಅತಿನೇರಳೆ ದೀಪವೂ ಒಂದು ಸುಳಿವು ಕೊಡುತ್ತದೆ. ಬಿಳುಪು ಹೆಚ್ಚಿಸುವ ಪ್ರತಿದೀಪಕ ವಸ್ತುಗಳ ಬಳಕೆ ಎರಡನೆಯ ಮಹಾಯುದ್ಧದ ನಂತರ ವ್ಯಾಪಕವಾಯಿತು. ಅವು ಈ ದೀಪದಡಿ ನೀಲಿ-ಬಿಳುಪಾಗಿ ಹೊಳೆಯುತ್ತವೆ. ಆದರೆ ಹಳೆಯ ಅಂಗಿಯನ್ನು ಇತ್ತೀಚಿನ ಸಾಬೂನು ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆದೀತು. ಹೊಳಪು ಅನುಮಾನಕ್ಕೆ ಕಾರಣ, ತೀರ್ಪಿಗಲ್ಲ.

ತಿಕ್ಕಬೇಡಿ

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಹೈಡ್ರೊಜನ್ ಸಲ್ಫೈಡಿನಿಂದ ಮೇಲ್ಮೈಯಲ್ಲಿ ಬೆಳ್ಳಿಯ ಸಲ್ಫೈಡ್ ಉಂಟಾಗುವುದರಿಂದ. ಕಂಚಿನ ಮೇಲಿನ ಕಂದು ಪೊರೆ ತಾಮ್ರದ ಆಕ್ಸೈಡ್. ಅದು ಒಳಗಿನ ಲೋಹಕ್ಕೆ ರಕ್ಷಣೆ. ಹುಣಸೆಯ ಆಮ್ಲ ಈ ಪೊರೆಯನ್ನು ಕರಗಿಸುತ್ತದೆ. ಬೂದಿ, ಇಟ್ಟಿಗೆ ಪುಡಿ ಲೋಹವನ್ನೇ ಸವೆಸುತ್ತವೆ. ವರ್ಷಕ್ಕೆರಡು ಸಲ ತಿಕ್ಕಿದರೆ ಅಂಚಿನ ಅಕ್ಷರಗಳು ಬಹುಕಾಲ ಉಳಿಯವು. ಮೃದುವಾದ ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ತಿಳಿಹಸಿರು ಪುಡಿ ಕಂಡರೆ ಮಾತ್ರ ಎಚ್ಚರ. ಕ್ಲೋರೈಡ್, ತೇವ, ಆಮ್ಲಜನಕ ಸೇರಿ ನಡೆಸುವ ಈ ಕ್ರಿಯೆಗೆ ‘ಕಂಚಿನ ರೋಗ’ ಎಂದು ಹೆಸರು. ತೇವವಿರುವವರೆಗೆ ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ. ಇಂಥ ಪದಕವನ್ನು ನೀರಿಗೆ ಹಾಕದೆ, ಬೇರೆಯಾಗಿಟ್ಟು ತಜ್ಞರಿಗೆ ತೋರಿಸಬೇಕು. ಖಾನಾಪುರದ ಕಣಕುಂಬಿಯಂಥ ಭಾರೀ ಮಳೆಯ ಊರುಗಳಲ್ಲಿ ಪದಕಗಳ ಜೊತೆ ಸಿಲಿಕಾ ಜೆಲ್ ಪೊಟ್ಟಣ ಇಡುವುದು ಒಳ್ಳೆಯದು. ಪಿವಿಸಿ ಚೀಲ ಬೇಡ. ಅದು ಹಳತಾದಂತೆ ಹೊರಬಿಡುವ ಆಮ್ಲ ತಾಮ್ರಕ್ಕೆ ಹಾನಿಕರ. ಆಮ್ಲರಹಿತ ಕಾಗದದಲ್ಲಿ ಒಂದೊಂದನ್ನೂ ಬೇರೆಯಾಗಿ ಸುತ್ತಿಡಿ.

ಕಾನೂನು ಮತ್ತು ಸುರಕ್ಷೆ

1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ ಚಾರಿತ್ರಿಕ ಮಹತ್ವದ ವಸ್ತು ಪ್ರಾಚ್ಯವಸ್ತುವಾಗುತ್ತದೆ; ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಒಂದನೆಯ ಮಹಾಯುದ್ಧದ ಪದಕಗಳು ಈಗ ಆ ವಯಸ್ಸು ದಾಟಿವೆ. ತೋಟಾ, ಗ್ರೆನೇಡ್, ಶೆಲ್ಲುಗಳನ್ನು ಮಾತ್ರ ಸಂಗ್ರಹಿಸಲೇಬಾರದು. ಹಳೆಯ ಶೆಲ್ಲುಗಳಲ್ಲಿನ ಪಿಕ್ರಿಕ್ ಆಮ್ಲ ಲೋಹದೊಡನೆ ಸೇರಿ ಇನ್ನೂ ಸೂಕ್ಷ್ಮವಾದ ಸ್ಫೋಟಕವಾಗಬಲ್ಲದು. ಅಂಥದು ಕಂಡರೆ ಮುಟ್ಟದೆ ಪೊಲೀಸರಿಗೆ ತಿಳಿಸಿ.

ಶಾಲೆಯಲ್ಲೊಂದು ಯೋಜನೆ

ಸೈನಿಕರ ಮನೆಗಳಿರುವ ಊರಿನ ಶಾಲೆಗಳಲ್ಲಿ ಇದನ್ನು ಒಂದು ಯೋಜನೆಯಾಗಿ ಮಾಡಬಹುದು. ಪದಕ ಮನೆಯವರ ಬಳಿಯೇ ಇರಲಿ. ಅಳತೆ ಅವರ ಎದುರಿಗೇ ನಡೆಯಲಿ. ಪ್ರತಿ ಪದಕಕ್ಕೂ ಒಂದು ಹಾಳೆ: ವ್ಯಾಸ, ತೂಕ, ಸಾಂದ್ರತೆ, ಲೋಹ, ರಿಬ್ಬನ್ನಿನ ಬಣ್ಣ, ಅಂಚಿನ ಬರಹ ಇದ್ದದ್ದು ಇದ್ದಂತೆ, ಎರಡೂ ಮುಖಗಳ ಮತ್ತು ಅಂಚಿನ ಛಾಯಾಚಿತ್ರ. ಮನೆಯವರು ಹೇಳುವ ಸಂಗತಿಯನ್ನು ಬೇರೆ ಕಲಮಿನಲ್ಲಿ ಬರೆಯಿರಿ. ಅಳೆದದ್ದು ಯಾವುದು, ಕೇಳಿದ್ದು ಯಾವುದು ಎಂಬುದು ಬೆರೆಯಬಾರದು. ಯುದ್ಧದಲ್ಲಿ ಮಡಿದವರಾದರೆ ಸಮಾಧಿ ಆಯೋಗದ ದಾಖಲೆಯಲ್ಲಿ ಹೆಸರು ಹುಡುಕಬಹುದು. ಹಾಳೆಯ ಒಂದು ಪ್ರತಿ ಮನೆಯವರಿಗೆ, ಒಂದು ಶಾಲೆಗೆ.

ಪದಕದ ಬೆಳ್ಳಿಗೆ ಇಂದಿನ ದರ ಎಷ್ಟೆಂದು ಅಕ್ಕಸಾಲಿಗ ಹೇಳಬಲ್ಲ. ಅದರ ಅಂಚಿನಲ್ಲಿ ಯಾರ ಹೆಸರಿದೆ ಎಂಬುದನ್ನು ಕರಗಿಸುವ ಮೊದಲೇ ಓದಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಒಂದು ಮಸೂರ, ಒಂದು ತಕ್ಕಡಿ, ಒಂದು ಲೋಟ ನೀರು.