ತೇವದ ನಾಡಿನಲ್ಲಿ ವಿದ್ಯುತ್ ಗಿಟಾರಿನ ನಿರ್ಮಾಣ

ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ತರಿಸಿ, ಅದರೊಳಗಿನ ಮರವನ್ನೂ ಲೋಹವನ್ನೂ ತನ್ನ ಕೈಯಿಂದಲೇ ಜೋಡಿಸಿ, ಉಜ್ಜಿ, ಮೆರುಗು ಕೊಟ್ಟು, ಶ್ರುತಿಗೂಡಿಸಿ ನುಡಿಸಬೇಕೆಂಬ ಹಂಬಲವುಳ್ಳ ತರುಣರು ನಮ್ಮ ಡೊಂಬಿವಲಿ, ಕಲ್ಯಾಣ, ನವೀ ಮುಂಬಯಿಗಳ ಕಡೆಯೂ ಉಂಟು. ಅವರ ಉತ್ಸಾಹ ನಿಜವಾಗಿಯೂ ಸ್ತುತ್ಯವಾದುದು. ಆದರೆ ಪೆಟ್ಟಿಗೆಯ ಜೊತೆಗೆ ಬರುವ ಸೂಚನಾಪತ್ರವನ್ನು ಬರೆದ ಕೈಗೆ ಠಾಣೆಯ ಖಾಡಿಯಿಂದ ಏಳುವ ತೇವದ ಪರಿಚಯವಿರುವುದಿಲ್ಲ. ವಿದ್ಯುತ್ ಗಿಟಾರೆಂಬುದು, ಹವೆಯ ತೇವಕ್ಕೆ ಕಿಂಚಿತ್ತೂ ಅಲುಗದ ಉಕ್ಕನ್ನೂ, ಋತುಋತುವಿಗೆ ಹಿಗ್ಗುತ್ತ ಕುಗ್ಗುತ್ತ ಇರುವ ಮರವನ್ನೂ ಒಂದೇ ಅಳತೆಗೆ ಬಿಗಿದಿಟ್ಟ ವಾದ್ಯವಾದುದರಿಂದ, ನಮ್ಮ ಊರಿನಲ್ಲಿ ಅದನ್ನು ಕಟ್ಟತಕ್ಕವರು ಸಂಗೀತದಷ್ಟೇ ಶ್ರದ್ಧೆಯಿಂದ ಹವೆಯನ್ನೂ ಅಭ್ಯಾಸ ಮಾಡಬೇಕಾಗುತ್ತದೆ.

ಪೆಟ್ಟಿಗೆಯನ್ನು ಬಿಚ್ಚಿದಾಗ ಕಾಣುವ ಸಾಮಗ್ರಿ ವೀಣೆಯನ್ನು ಬಲ್ಲವರಿಗೆ ಅಪರಿಚಿತವೇನೂ ಅಲ್ಲ. ಮೆಟ್ಟಿಲುಗಳನ್ನು ಕೂರಿಸಿದ ದಂಡಿ ಉಂಟು, ಆರು ಬಿರಡೆಗಳು ಉಂಟು, ತಂತಿಗಳನ್ನು ಹೊರುವ ಲೋಹದ ಕುದುರೆ ಉಂಟು, ಇಲ್ಲದಿರುವುದು ಬುರುಡೆಯೊಂದೇ. ಅದರ ಸ್ಥಾನದಲ್ಲಿ ಸುಮಾರು 45 ಮಿಲಿಮೀಟರು ದಪ್ಪದ ಗಟ್ಟಿ ಮರದ ಒಡಲು, ಅದರಲ್ಲಿ ಮೊದಲೇ ಕೊರೆದಿಟ್ಟ ಗುಂಡಿಗಳು, ಆ ಗುಂಡಿಗಳಲ್ಲಿ ಕೂರತಕ್ಕ ತಾಮ್ರದ ಸುರುಳಿಯ ಪಿಕಪ್ಪುಗಳು, ಒಂದು ಹಿಡಿ ವೈರು ಮತ್ತು ತಿರುಪುಮೊಳೆಗಳು.

ಬುರುಡೆಯನ್ನು ಬಿಟ್ಟ ಕಥೆ ಸ್ವಾರಸ್ಯವಾಗಿದೆ. ವಾದ್ಯಮೇಳದ ಅಬ್ಬರದಲ್ಲಿ ಗಿಟಾರಿನ ದನಿ ಕೇಳದಂತಾಗುತ್ತಿದ್ದ ಕಾಲದಲ್ಲಿ, ಲಾಸ್ ಏಂಜಲೀಸಿನ ಹವಾಯಿಯನ್ ಗಿಟಾರುವಾದಕ ಜಾರ್ಜ್ ಬೋಷಾಂ ಎಂಬಾತನು ಅಡಾಲ್ಫ್ ರಿಕನ್‌ಬಾಕರನೊಡನೆ ಸೇರಿ, 1931-32ರ ಸುಮಾರಿಗೆ ಎರಕದ ಅಲ್ಯೂಮಿನಿಯಮ್ಮಿನ ಗಿಟಾರೊಂದನ್ನು ಸಿದ್ಧಪಡಿಸಿದನು. ದುಂಡು ಒಡಲೂ ಉದ್ದ ಹಿಡಿಯೂ ಇದ್ದ ಅದನ್ನು ಜನ ಬಾಣಲೆಯೆಂದೇ ಕರೆದರು. 1937ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಕ್ಯಾಲಿಫೋರ್ನಿಯದ ರೇಡಿಯೋ ರಿಪೇರಿಯ ಲಿಯೋ ಫೆಂಡರನು 1950ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಟ್ಟಿ ಹಲಗೆಯ ಒಡಲಿಗೆ ದಂಡಿಯನ್ನು ಅಂಟಿನಿಂದ ಸೇರಿಸದೆ ನಾಲ್ಕು ತಿರುಪುಗಳಿಂದ ಬಿಗಿದನು. ಕೆಟ್ಟ ಭಾಗವನ್ನು ಬಿಚ್ಚಿ ಹೊಸತನ್ನು ಹಾಕುವ ರೇಡಿಯೋ ಮೆಕ್ಯಾನಿಕನ ಬುದ್ಧಿ ಅಲ್ಲಿ ಕೆಲಸ ಮಾಡಿತು. 1951ರ ಟೆಲಿಕಾಸ್ಟರ್, 1954ರ ಸ್ಟ್ರಾಟೋಕಾಸ್ಟರ್ ಇವೆರಡೂ ಹೀಗೆ ಬಿಡಿಬಿಡಿಯಾಗಿ ಕಳಚಬಹುದಾದ ವಾದ್ಯಗಳು. ಕಳಚಬಹುದಾದುದನ್ನು ಪೆಟ್ಟಿಗೆಯಲ್ಲಿಟ್ಟು ಮಾರಲೂ ಬಹುದು. ಡೊಂಬಿವಲಿಯ ಮನೆಯೊಂದಕ್ಕೆ ಇಂದು ಈ ಪೆಟ್ಟಿಗೆ ಬರುತ್ತಿರುವುದಕ್ಕೆ ಮೂಲಕಾರಣ ಆ ನಾಲ್ಕು ತಿರುಪುಗಳೇ.

ಬುರುಡೆಯಿಲ್ಲದ ವಾದ್ಯಕ್ಕೆ ದನಿಯನ್ನು ಕೊಡುವುದು 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವ. ಪಿಕಪ್ಪಿನೊಳಗಿನ ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಅಯಸ್ಕಾಂತವನ್ನಾಗಿ ಮಾಡುತ್ತದೆ. ಆ ತಂತಿ ಕಂಪಿಸಿದಾಗ ಸುರುಳಿಯೊಳಗೆ ಹಾಯುವ ಕಾಂತಪ್ರವಾಹ ಹೆಚ್ಚುಕಡಿಮೆಯಾಗಿ, ತಂತಿಯ ಆವರ್ತಸಂಖ್ಯೆಯಲ್ಲಿಯೇ ಏರಿಳಿಯುವ ಅಲ್ಪ ವೋಲ್ಟೇಜು ಸುರುಳಿಯ ತುದಿಗಳಲ್ಲಿ ಹುಟ್ಟುತ್ತದೆ. ಕೂದಲೆಳೆಯಷ್ಟು ತೆಳುವಾದ, ಸುಮಾರು 0.063 ಮಿಲಿಮೀಟರು ವ್ಯಾಸದ ತಾಮ್ರದ ತಂತಿಯನ್ನು ಎಂಟು ಸಾವಿರದಷ್ಟು ಸುತ್ತು ಸುತ್ತಿದರೂ ದೊರೆಯುವುದು ಒಂದು ವೋಲ್ಟಿನ ಹತ್ತರಲ್ಲೊಂದು ಭಾಗದ ಆಸುಪಾಸು. ಉಳಿದುದೆಲ್ಲ ಆಂಪ್ಲಿಫಯರಿನ ಕೆಲಸ. ತಂಬೂರಿಯ ಹಿತ್ತಾಳೆ ತಂತಿಯನ್ನು ಈ ಗಿಟಾರಿಗೆ ಬಿಗಿದರೆ ಕಿವಿಗೆ ಸಣ್ಣಗೆ ಕೇಳಿದರೂ ಪಿಕಪ್ಪಿಗೆ ಅದು ಕೇಳುವುದೇ ಇಲ್ಲ, ಏಕೆಂದರೆ ಹಿತ್ತಾಳೆಗೆ ಅಯಸ್ಕಾಂತದ ಗುಣ ಹತ್ತುವುದಿಲ್ಲ.

ಪಿಕಪ್ಪನ್ನು ಎಲ್ಲಿ ಕೂರಿಸಬೇಕೆಂಬುದರಲ್ಲಿಯೂ ಸೊಗಸಾದ ಭೌತಶಾಸ್ತ್ರವಿದೆ. ಮುಕ್ತವಾಗಿ ಮಿಡಿದ ತಂತಿಯ ಉದ್ದದ ನಾಲ್ಕನೆಯ ಒಂದು ಭಾಗದಲ್ಲಿ ಅದರ ನಾಲ್ಕನೆಯ ಸ್ವರಾಂಶ, ಎಂದರೆ ಮೂಲಸ್ವರದ ನಾಲ್ಕರಷ್ಟು ಆವರ್ತಸಂಖ್ಯೆಯ ಅಂಶ, ನಿಶ್ಚಲವಾಗಿರುತ್ತದೆ. ಸರಿಯಾಗಿ ಅಲ್ಲಿ ಪಿಕಪ್ಪಿದ್ದರೆ ಆ ಅಂಶ ಅದಕ್ಕೆ ದೊರೆಯದೆ ದನಿ ಮೃದುವಾಗುತ್ತದೆ. ಕುದುರೆಯ ಸಮೀಪದ ಪಿಕಪ್ಪಿಗೆ ಮೇಲಿನ ಅಂಶಗಳು ಹೆಚ್ಚಾಗಿ ದೊರೆತು ದನಿ ತೀಕ್ಷ್ಣವಾಗುತ್ತದೆ. ಇದಕ್ಕೆ ಸಂಬಂಧಿಸಿದ ಹಳೆಯ ನಿಯಮವೊಂದುಂಟು: ಯಾವ ಸ್ವರಾಂಶದ ನಿಶ್ಚಲಬಿಂದುವಿನಲ್ಲಿ ತಂತಿಯನ್ನು ಮಿಡಿಯುತ್ತೇವೆಯೋ ಆ ಅಂಶ ಹುಟ್ಟುವುದಿಲ್ಲ. ಮುಂದೆ ಬೆಂಗಳೂರಿನವರೇ ಆದ ಸಿ. ವಿ. ರಾಮನ್ನರು, ಇನ್ನೂ ಕಲಕತ್ತೆಯಲ್ಲಿದ್ದಾಗ 1920ರ ದಶಕದ ಆದಿಯಲ್ಲಿ, ನಮ್ಮ ವೀಣೆ ತಂಬೂರಿಗಳು ಈ ನಿಯಮವನ್ನು ಮೀರುತ್ತವೆಯೆಂದೂ, ಅವುಗಳ ಅಗಲವಾದ ಬಾಗಿದ ಕುದುರೆಯೇ ಅದಕ್ಕೆ ಕಾರಣವೆಂದೂ ತೋರಿಸಿದರು. ಗಿಟಾರಿನ ಕುದುರೆಯ ಅಂಚು ಕಿರಿದು. ಅಲ್ಲಿ ತಂತಿ ನಿಯಮಕ್ಕೆ ವಿಧೇಯವಾಗಿರುತ್ತದೆ, ತಂಬೂರಿಯ ಜೀವಾಳಿಯ ಝೇಂಕಾರ ಅದಕ್ಕೆ ದಕ್ಕುವುದಿಲ್ಲ.

ಪಿಕಪ್ಪಿಗೆ ತಂತಿಯ ದನಿಯೊಂದೇ ಅಲ್ಲದೆ ಮನೆಯ ವಿದ್ಯುತ್ತಿನ ದನಿಯೂ ಕೇಳಿಸುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುವುದರಿಂದ, ಗೋಡೆಯೊಳಗಿನ ವೈರು, ಟ್ಯೂಬ್‌ಲೈಟಿನ ಚೋಕು, ಫ್ಯಾನಿನ ರೆಗ್ಯುಲೇಟರು ಇವೆಲ್ಲವೂ 50 ಮತ್ತು 100 ಹರ್ಟ್ಸಿನ ಗುಂಯ್‌ಗಾನವನ್ನು ಸುರುಳಿಗೆ ತುಂಬುತ್ತವೆ. ಗುಂಡಿಗಳ ಒಳಮೈಗೆ ತಾಮ್ರದ ತಗಡನ್ನು ಅಂಟಿಸಿ ಭೂಸಂಪರ್ಕದ ವೈರಿಗೆ ಬೆಸೆದರೆ ಗದ್ದಲದಲ್ಲಿ ವಿದ್ಯುತ್ ಕ್ಷೇತ್ರದ ಪಾಲು ತಗ್ಗುತ್ತದೆ. ಆದರೆ 50 ಹರ್ಟ್ಸಿನ ಕಾಂತಕ್ಷೇತ್ರವನ್ನು ತೆಳುತಗಡು ತಡೆಯಲಾರದು. ಅದಕ್ಕೆ ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಕಂಡುಕೊಂಡ ಉಪಾಯವೇ ಬೇಕು: ಎರಡು ಸುರುಳಿಗಳ ಸುತ್ತೂ ವಿರುದ್ಧ, ಅಯಸ್ಕಾಂತಗಳ ಧ್ರುವವೂ ವಿರುದ್ಧ, ಹೊರಗಿನ ಗದ್ದಲ ಎರಡರಲ್ಲಿ ಪರಸ್ಪರ ಕಳೆದುಹೋಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ತೀರ ಚಿಕ್ಕ ಮನೆಗಳಲ್ಲಿ ನುಡಿಸತಕ್ಕ ನಮ್ಮವರು ಪೆಟ್ಟಿಗೆಯನ್ನು ಆರಿಸುವಾಗ ಜೋಡಿಸುರುಳಿಯ ಪಿಕಪ್ಪಿರುವುದನ್ನೇ ಆರಿಸುವುದು ಮೇಲು.

ಇನ್ನು ಮೆಟ್ಟಿಲುಗಳು. ಮಿರಜಿನ ಸಿತಾರಿನಲ್ಲಿ ಅವನ್ನು ದಾರದಿಂದ ಕಟ್ಟಿರುತ್ತಾರೆ, ಬೇಕೆಂದಾಗ ಸರಿಸಬಹುದು. ವೀಣೆಯಲ್ಲಿ ಕಿವಿಯ ಸಾಕ್ಷ್ಯದಿಂದ ಮೇಣದಲ್ಲಿ ಕೂರಿಸುತ್ತಾರೆ. ಗಿಟಾರಿನಲ್ಲಾದರೋ ಲೆಕ್ಕವೇ ಗುರು. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದಾಗ, ಪ್ರತಿಯೊಂದು ಮೆಟ್ಟಿಲೂ ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದಷ್ಟು ಮುಂದಕ್ಕೆ ಬೀಳುತ್ತದೆ. ಫೆಂಡರನ ಅಳತೆಯಾದ 648 ಮಿಲಿಮೀಟರು ತಂತಿಗೆ ಮೊದಲನೆಯ ಮೆಟ್ಟಿಲು 36.4 ಮಿಲಿಮೀಟರಿನಲ್ಲಿ, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ, ಎಂದರೆ 324ರಲ್ಲಿ ಬರುತ್ತದೆ. ಈ ಹಂಚಿಕೆಯಲ್ಲಿ ಪಂಚಮವು ಶುದ್ಧ ಪಂಚಮಕ್ಕಿಂತ ಕೂದಲೆಳೆಯಷ್ಟು ಕೆಳಗೆ, ಅಂತರ ಗಾಂಧಾರವು ಸ್ಪಷ್ಟವಾಗಿ ಮೇಲೆ. ತಂಬೂರಿಗೆ ಪಳಗಿದ ಕಿವಿಗೆ ಇದು ಮೊದಮೊದಲು ಒಗ್ಗದು.

ಮೆಟ್ಟಿಲುಗಳ ಕೆಲಸ ಮುಗಿಸಿಯೇ ಪೆಟ್ಟಿಗೆ ಬರುವುದರಿಂದ ಕಟ್ಟುವವನ ಪಾಲಿಗೆ ಉಳಿಯುವ ಮುಖ್ಯ ಅಳತೆ ಕುದುರೆಯ ಸ್ಥಾನ. ಮೆರುಗಿಗೆ ಕೈಹಾಕುವ ಮುನ್ನ, ದಂಡಿಯನ್ನು ಒಡಲಿಗೆ ತಾತ್ಕಾಲಿಕವಾಗಿ ಬಿಗಿದು, ಮೊದಲನೆಯ ಮತ್ತು ಆರನೆಯ ತಂತಿಗಳ ಸ್ಥಾನದಲ್ಲಿ ಎರಡು ಹೊಲಿಗೆ ದಾರಗಳನ್ನು ಕುದುರೆಯವರೆಗೆ ಎಳೆದು ಹಿಡಿದು ನೋಡಬೇಕು. ದಂಡಿಯ ಎರಡು ಅಂಚಿಗೂ ದಾರ ಸಮದೂರದಲ್ಲಿದ್ದರೆ ದಂಡಿ ನೇರವಾಗಿದೆ. ಬಿರಡೆಯ ಕಡೆಯ ಅಂಚುಪಟ್ಟಿಯಿಂದ ಹನ್ನೆರಡನೆಯ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ ದೂರ, ಮೇಲೆ ಒಂದೆರಡು ಮಿಲಿಮೀಟರು ಹೆಚ್ಚಿರಬೇಕು. ಹೆಚ್ಚೇಕೆಂದರೆ, ಮೆಟ್ಟಿಲಿಗೆ ತಂತಿಯನ್ನು ಒತ್ತಿದಾಗ ಬಿಗಿತ ಏರಿ ಸ್ವರ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಉದ್ದವನ್ನು ಬೆಳೆಸಿ ಅದನ್ನು ಇಳಿಸುತ್ತಾರೆ.

ಆ ಬಿಗಿತ ಸಾಮಾನ್ಯವಾದುದಲ್ಲ. ಕಾಲು ಮಿಲಿಮೀಟರು ವ್ಯಾಸದ ಮೊದಲನೆಯ ತಂತಿ 329.6 ಹರ್ಟ್ಸಿನಲ್ಲಿ ನುಡಿಯಬೇಕಾದರೆ ಏಳೂವರೆ ಕಿಲೋಗ್ರಾಮಿನಷ್ಟು ಭಾರದಿಂದ ಅದನ್ನು ಎಳೆದಿರಬೇಕು. ಆರೂ ತಂತಿಗಳ ಒಟ್ಟು ಎಳೆತ 45 ಕಿಲೋಗ್ರಾಮನ್ನು ಮುಟ್ಟುತ್ತದೆ. ಇಷ್ಟು ಭಾರವನ್ನು ಹಗಲಿರುಳೂ ಹೊತ್ತಿರುವುದು ಎರಡು ಬೆರಳು ದಪ್ಪವೂ ಇಲ್ಲದ ಮರದ ದಂಡಿ. ಅದರೊಳಗೆ ಹುದುಗಿಸಿದ ಉಕ್ಕಿನ ಸರಳನ್ನು ಬಿಗಿದು ಸಡಿಲಿಸಿ ದಂಡಿಯ ಬಾಗನ್ನು ಹದಕ್ಕೆ ತರುತ್ತಾರೆ. ಋತು ಬದಲಾದಾಗಲೆಲ್ಲ ಈ ಸರಳನ್ನು ಮತ್ತೆ ಹದಗೊಳಿಸಬೇಕಾಗಿ ಬರುವುದು ಮರದ ಸ್ವಭಾವದಿಂದ.

ಮರದ ನಾರು ಹವೆಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಸಾಪೇಕ್ಷ ಆರ್ದ್ರತೆ ಶೇಕಡಾ 50 ಇದ್ದಾಗ ಮರದ ತೂಕದಲ್ಲಿ ಸುಮಾರು ಶೇಕಡಾ 9ರಷ್ಟು ನೀರಿದ್ದರೆ, ಠಾಣೆಯ ಜುಲೈ–ಆಗಸ್ಟುಗಳ ಶೇಕಡಾ 85ರ ಆರ್ದ್ರತೆಯಲ್ಲಿ ಅದು ಶೇಕಡಾ 17ನ್ನು ಮೀರಬಲ್ಲದು. ನಾರಿನ ಉದ್ದಕ್ಕೆ ಈ ನೀರಿನಿಂದಾಗುವ ಹಿಗ್ಗು ಗಣನೆಗೆ ಬಾರದಷ್ಟು ಅಲ್ಪ, ಅದರಿಂದಲೇ ತಂತಿಯ ಅಳತೆ ಉಳಿದುಕೊಳ್ಳುತ್ತದೆ. ಆದರೆ ನಾರಿನ ಅಡ್ಡಕ್ಕೆ, ತೇವಾಂಶ ಶೇಕಡಾ 1 ಏರಿದರೆ ಮರದ ಜಾತಿಯನ್ನೂ ಸೀಳಿದ ದಿಕ್ಕನ್ನೂ ಅನುಸರಿಸಿ ಶೇಕಡಾ 0.15ರಿಂದ 0.3ರವರೆಗೆ ಹಿಗ್ಗುಂಟು. ಮಳೆಗಾಲದಲ್ಲಿ ಹಿಗ್ಗಿದ ದಂಡಿ ಜನವರಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ಕುಗ್ಗಿದರೂ ಸಾಕು, ಕುಗ್ಗದ ಲೋಹದ ಮೆಟ್ಟಿಲುಗಳ ತುದಿಗಳು ಅಂಚಿನಿಂದ ಹೊರಚಾಚಿ ಕೈಯನ್ನು ಗೀರುತ್ತವೆ. ದಂಡಿಯ ಅಂಚಿನಲ್ಲಿ ಬೆರಳಾಡಿಸಿ ನೋಡಿದವರು ಇದನ್ನು ಒಡನೆಯೇ ಅರಿಯುತ್ತಾರೆ. ಸಣ್ಣ ಅರದಿಂದ ಆ ತುದಿಗಳನ್ನು ಉಜ್ಜಿ ನಯಗೊಳಿಸುವುದೇ ಪರಿಹಾರ.

ಬೆರಳಾಡುವ ಹಲಗೆಗೆ ಜಗತ್ತಿನ ಗಿಟಾರುಕಾರರು ಬಹುಕಾಲದಿಂದ ಮೆಚ್ಚಿ ಬಳಸುತ್ತ ಬಂದಿರುವ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಒಂದು. ಗಡಸು, ಎಣ್ಣೆಯಂಶವುಳ್ಳದ್ದು, ತೇವಕ್ಕೆ ಬೇಗ ಅಲುಗದ್ದು. 2017ರಲ್ಲಿ ಅದರ ಕುಲಕ್ಕೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಬಂದಿತು, 2019ರ ಕೊನೆಯಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಒಡಲಿನ ಮರದ ಜಾತಿಯಿಂದ ವಿದ್ಯುತ್ ಗಿಟಾರಿನ ದನಿ ಬಹಳವಾಗಿ ಬದಲಾಗುತ್ತದೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಪಿಕಪ್ಪು ಆಲಿಸುವುದು ತಂತಿಯನ್ನು. ಮರವನ್ನು ಆರಿಸಬೇಕಾದುದು ಅದು ಚೆನ್ನಾಗಿ ಒಣಗಿದೆಯೇ ಎಂಬುದನ್ನು ನೋಡಿ.

ಈಗ ಮೆರುಗಿನ ವಿಷಯ. ನಮ್ಮ ಊರಿನಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಹಳೆಯ ಗಿಟಾರುಗಳ ಪ್ರಸಿದ್ಧ ಹೊಳಪು ನೈಟ್ರೋಸೆಲ್ಯುಲೋಸ್ ಲ್ಯಾಕರಿನದು. ಥಿನ್ನರು ಆರಿದಂತೆ ಅದು ಗಟ್ಟಿಯಾಗುತ್ತದೆ. ಆರುವ ದ್ರವ ತನ್ನ ಮೈಯ ಉಷ್ಣವನ್ನು ಕಸಿದುಕೊಂಡು ಹೋಗುವುದರಿಂದ ಲೇಪದ ಮೈ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಹವೆ 28 ಡಿಗ್ರಿಯೂ ಆರ್ದ್ರತೆ ಶೇಕಡಾ 85ರೂ ಇದ್ದಾಗ ಇಬ್ಬನಿಬಿಂದು ಸುಮಾರು 25 ಡಿಗ್ರಿ. ಎಂದರೆ ಲೇಪವು ಮೂರೇ ಡಿಗ್ರಿ ತಣಿದರೂ ಹವೆಯ ನೀರು ಅದರ ಮೇಲೆ ಕಣಕಣವಾಗಿ ಇಳಿದು, ಒಳಗೆ ಸಿಕ್ಕಿಬಿದ್ದು, ಬೆಳಕನ್ನು ಚದುರಿಸಿ, ಹೊಳೆಯಬೇಕಾದ ಮೈಯನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ಪಾಲಿಶ್ ಕೆಲಸದವರಿಗೆ ಮಳೆಗಾಲದ ಈ ಬಿಳುಪು ಚಿರಪರಿಚಿತ. ಜನವರಿಯ ಮಧ್ಯಾಹ್ನ 26 ಡಿಗ್ರಿ, ಶೇಕಡಾ 50 ಇದ್ದಾಗ ಇಬ್ಬನಿಬಿಂದು 15ರ ಆಸುಪಾಸಿಗೆ ಇಳಿದಿರುತ್ತದೆ. ಲೇಪ ಹನ್ನೊಂದು ಡಿಗ್ರಿ ತಣಿದರೆ ಮಾತ್ರ ಅಪಾಯ. ಒಂದೇ ಡಬ್ಬಿಯ ಲ್ಯಾಕರು, ಒಂದೇ ಕೈ, ಒಂದೇ ಬಾಲ್ಕನಿ, ಫಲ ಬೇರೆ.

ಎರಡು ದ್ರವಗಳನ್ನು ಬೆರೆಸಿ ಬಳಿಯುವ ಪಾಲಿಯುರಿಥೇನಿಗೆ ಈ ಬಿಳುಪಿನ ಭಯ ಕಡಿಮೆಯಾದರೂ, ಅದರ ಗಟ್ಟಿಕಾರಕವು ಹವೆಯ ನೀರಿನೊಡನೆಯೇ ವರ್ತಿಸಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುವುದರಿಂದ ಗುಳ್ಳೆಗಳೇಳಬಹುದು. ಇವೆರಡರ ಆವಿಯೂ ಉಸಿರಿಗೆ ಕೆಟ್ಟದ್ದು, ಲ್ಯಾಕರಿನದಂತೂ ಬೆಂಕಿಗೆ ಹತ್ತಿರ; ಅಡುಗೆಯ ಒಲೆ ಕೈಗೆಟಕುವ ದೂರದಲ್ಲಿರುವ ಮನೆಗಳಲ್ಲಿ ಇವನ್ನು ಸಿಂಪಡಿಸಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಅಗಸೆ ಎಣ್ಣೆಯನ್ನು ಬಟ್ಟೆಯಿಂದ ತಿಕ್ಕುವುದು ಸುಲಭ. ಆದರೆ ಎಣ್ಣೆಯು ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವಾಗ ಕಾವು ಹುಟ್ಟುವುದರಿಂದ, ಮುದುರಿ ಎಸೆದ ಆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅದನ್ನು ಬಿಡಿಸಿ ಹರಡಿ ಒಣಗಿಸಬೇಕು.

ಮನೆಯಲ್ಲಿ ಕೆಲಸ ಮಾಡತಕ್ಕವರಿಗೆ ನಾನು ಹೇಳುವುದು ಅರಗನ್ನು. ಚನ್ನಪಟ್ಟಣದ ಬೊಂಬೆಗಳ ಬಣ್ಣ ಹೊಳೆಯುವುದು ಅದರಿಂದಲೇ: ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಕಾವಿಗೆ ಅದು ಕರಗಿ ಹತ್ತಿಕೊಳ್ಳುತ್ತದೆ. ಅಲ್ಲಿ ಆರತಕ್ಕ ದ್ರವವೇ ಇಲ್ಲ, ಆದುದರಿಂದ ಬಿಳುಪೂ ಇಲ್ಲ. ಗಿಟಾರಿನ ಒಡಲನ್ನು ಹಾಗೆ ತಿರುಗಿಸಲಾಗದು. ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಕರಗಿಸಿ, ಹತ್ತಿಯನ್ನು ಸುತ್ತಿದ ಮೆತ್ತನೆಯ ಬಟ್ಟೆಯ ಉಂಡೆಯಿಂದ, ಒಂದರ ಮೇಲೊಂದು ತೆಳುವಾದ ಪದರಗಳಾಗಿ ತಿಕ್ಕಬೇಕಾಗುತ್ತದೆ. ಸ್ಪಿರಿಟೂ ನೀರನ್ನು ಸೆಳೆಯುವ ವಸ್ತುವಾದುದರಿಂದ ಮಳೆಯ ದಿನ ಇದೂ ಬೆಳ್ಳಗಾಗುವುದುಂಟು. ಆದರೆ ಪದರ ತೀರ ತೆಳುವಾದುದರಿಂದ ಒಣಹವೆಯಲ್ಲಿ ಸ್ಪಿರಿಟಿನಿಂದ ಮತ್ತೊಮ್ಮೆ ತಿಕ್ಕಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಯಾವ ಮೆರುಗಾದರೂ ತೇವವನ್ನು ನಿಧಾನಗೊಳಿಸಬಲ್ಲುದೇ ಹೊರತು ತಡೆಯಲಾರದು; ಆದಕಾರಣ ಒಡಲಿನ ಮುಂಭಾಗಕ್ಕೆ ಎಷ್ಟು ಪದರವೋ ಹಿಂಭಾಗಕ್ಕೂ ಅಷ್ಟೇ ಬೇಕು, ದಂಡಿ ಕೂರುವ ಗುಂಡಿಯ ಒಳಗೂ ಒಂದು ತೆಳುಪದರವಿರಬೇಕು. ಒಂದು ಮಗ್ಗುಲು ಮುಚ್ಚಿ ಇನ್ನೊಂದು ತೆರೆದಿದ್ದರೆ ಹಲಗೆ ಸೊಟ್ಟಗಾಗುವುದು ನಿಶ್ಚಯ.

ಆದುದರಿಂದ ಪೆಟ್ಟಿಗೆ ಜೂನಿನಲ್ಲಿ ಬಂದರೆ ಬೇಸರ ಬೇಡ. ಅಳತೆ ನೋಡುವುದು, ಉಜ್ಜುವುದು, ತಾಮ್ರದ ತಗಡು ಅಂಟಿಸುವುದು, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿಂದ ಒಳ್ಳೆಯ ಸ್ವಿಚ್ಚನ್ನೂ ಕೆಪ್ಯಾಸಿಟರನ್ನೂ ತಂದು ಬೆಸುಗೆ ಹಾಕಿ ಪರೀಕ್ಷಿಸುವುದು, ಇವೆಲ್ಲ ಮಳೆಗಾಲದ ಕೆಲಸಗಳೇ. ಆರ್ದ್ರಮಾಪಕವೊಂದನ್ನು ಮನೆಯಲ್ಲಿ ತೂಗುಹಾಕಿಕೊಳ್ಳಿರಿ. ಅದರ ಮುಳ್ಳು ಶೇಕಡಾ 60ರ ಕೆಳಗೆ ನಿಲ್ಲುವ ತನಕ, ಎಂದರೆ ನಮ್ಮಲ್ಲಿ ಬಹುಶಃ ದೀಪಾವಳಿ ಕಳೆಯುವ ತನಕ, ಅರಗಿನ ಸೀಸೆಯ ಬಿರಡೆಯನ್ನು ತೆಗೆಯಬೇಡಿರಿ.